ಎಲ್ಲರೂ ಬರೆಯುವ ಹಾಳೆ

ಬೆಳಿಗ್ಗೆ ನಮ್ಮ ತಂಡದವರೆಲ್ಲ ಕೂಡಿ ಬರೆಯುವ ಆನ್‌ಲೈನ್ ಶೀಟ್ ತೆರೆದಾಗ ನನಗಿಂತ ಮೊದಲೇ ಅಲ್ಲಿ ಯಾರಾದರೂ ಬಂದಿದ್ದರೆ ನನಗೆ ಎಲ್ಲಿಲ್ಲದ ಖುಷಿ. ತೊಗರಿಯ ಸಾಲಿನಲ್ಲೊಂದು ನೇರಳೆ ಚೌಕ ನಿಂತಿದ್ದರೆ ಕಲಬುರಗಿಯ ಸಹೋದ್ಯೋಗಿ ಬಂದಾಯಿತು ಎಂದರ್ಥ. ಅಡಿಕೆಯ ಸಾಲಿನಲ್ಲಿ ಕಿತ್ತಳೆ ಬಣ್ಣವಿದ್ದರೆ ಪುತ್ತೂರಿನವರು. ರಾಗಿಯ ಸುತ್ತಮುತ್ತ ಗುಲಾಬಿ ಬಣ್ಣವೊಂದು ಒಂದು ಸೆಲ್‌ನಿಂದ ಇನ್ನೊಂದಕ್ಕೆ ಜಿಗಿಯುತ್ತಿದ್ದರೆ ಅದು ಹಾಸನದ ಹುಡುಗ, ಏನನ್ನೋ ಹುಡುಕುತ್ತಿದ್ದಾನೆ. ಬಣ್ಣಗಳು ಒಮ್ಮೊಮ್ಮೆ ಅದಲುಬದಲಾಗುತ್ತವೆ. ಆದರೆ ಯಾರು ಯಾವ ಬೆಳೆಯ ಹತ್ತಿರ ಹೋಗಿ ನಿಲ್ಲುತ್ತಾರೆ ಎಂಬುದು ಬದಲಾಗುವುದಿಲ್ಲ. ಯಾರೂ ಯಾರಿಗೂ ನಮಸ್ಕಾರ ಹೇಳಿರುವುದಿಲ್ಲ, ಆದರೂ ಎಲ್ಲರೂ ಬಂದಿದ್ದಾರೆ ಎಂಬ ನೆಮ್ಮದಿಯಲ್ಲಿ ನಾನು ಕೆಲಸ ಶುರುಮಾಡುತ್ತೇನೆ.

ನಮ್ಮದು ರೈತರಿಗಾಗಿ ಗೋಡೆ ಕ್ಯಾಲೆಂಡರ್, ಕೈಪಿಡಿ, ಕರಪತ್ರ ತಯಾರಿಸುವ ಸಣ್ಣ ತಂಡ. ಯಾವ ತಿಂಗಳಲ್ಲಿ ಏನು ಬಿತ್ತಬೇಕು, ಯಾವ ಮಳೆಗೆ ಏನು ಮಾಡಬೇಕು, ಯಾವ ರೋಗಕ್ಕೆ ಏನು ಸಿಂಪಡಿಸಬೇಕು ಎಂಬುದೆಲ್ಲ ಮೊದಲು ಒಂದು ಶೀಟಿನಲ್ಲಿ ಸೇರುತ್ತದೆ, ಆಮೇಲೆ ಅಚ್ಚಿಗೆ ಹೋಗುತ್ತದೆ. ತಂಡದವರೆಲ್ಲ ತಮ್ಮ ತಮ್ಮ ಊರಿನಲ್ಲೇ ಇದ್ದಾರೆ. ಅದೇ ನಮ್ಮ ಬಲ. ಕಲಬುರಗಿಯ ಕಪ್ಪು ಮಣ್ಣನ್ನು ಬೆಂಗಳೂರಿನ ಮೇಜಿನಿಂದ ನೋಡಲಾಗುವುದಿಲ್ಲ, ಕರಾವಳಿಯ ಮಳೆಯನ್ನು ಬಯಲುಸೀಮೆಯಲ್ಲಿ ಕೂತು ಅಂದಾಜು ಮಾಡಲಾಗುವುದಿಲ್ಲ.

ಶೀಟ್ ಶುರುವಾದ ಹೊಸತರಲ್ಲಿ ಅದರ ನೆತ್ತಿಯ ಮೇಲೆ ಮೂರೇ ಕಾಲಂ ಇದ್ದವು: ಮುಂಗಾರು, ಹಿಂಗಾರು, ಬೇಸಿಗೆ. ಪುತ್ತೂರಿನವರು ಭತ್ತದ ಸಾಲಿಗೆ ಬಂದು ಕಾಮೆಂಟ್ ಹಾಕಿದರು: "ಹೀಗೆ ಮಾಡಿದರೆ ನಮ್ಮ ಗದ್ದೆ ಇದರಲ್ಲಿ ಹಿಡಿಯುವುದಿಲ್ಲ ಮಾರಾಯ್ರೆ. ನಮ್ಮಲ್ಲಿ ಏಣಿಲು, ಸುಗ್ಗಿ, ಕೊಳಕೆ ಅಂತ ಉಂಟು." ಮಳೆಗಾಲದ ಬೆಳೆ ಏಣಿಲು, ಅದು ಕೊಯ್ಲಾದ ಮೇಲೆ ಸುಗ್ಗಿ, ನೀರು ನಿಲ್ಲುವ ತಗ್ಗಿನ ಗದ್ದೆಯಲ್ಲಿ ಮಾತ್ರ ಮೂರನೆಯದಾದ ಕೊಳಕೆ ಎಂದು ವಿವರಿಸಿ, ಯಾವ ಗದ್ದೆಗೆ ಎಷ್ಟು ದಿನ ನೀರು ಬೇಕು ಎಂಬುದನ್ನೂ ಬರೆದರು. ಅದರ ಕೆಳಗೆ ಕಲಬುರಗಿಯಿಂದ ಇನ್ನೊಂದು ಕಾಮೆಂಟ್ ಬಂತು: "ತೊಗರಿಗೆ ತಾರೀಖು ಹಾಕಬ್ಯಾಡ್ರಿ. ಮೃಗಶಿರಾದಾಗ ಹದ ಮಳಿ ಆದ ಮ್ಯಾಲೆ ಬಿತ್ರಿ ಅಂತ ಬರೀರಿ. ಕ್ಯಾಲೆಂಡರ್ ನೋಡಿ ಬಿತ್ತೋರು ಯಾರೂ ಇಲ್ರಿ, ಮಣ್ಣು ನೋಡಿ ಬಿತ್ತತಾರ." ಕ್ಯಾಲೆಂಡರ್ ಮಾಡುವವರಿಗೇ ಈ ಮಾತು! ಅಂದಿನಿಂದ ನಮ್ಮ ಕ್ಯಾಲೆಂಡರಿನಲ್ಲಿ ತಾರೀಖಿನ ಪಕ್ಕದಲ್ಲಿ ಮಳೆಯ ನಕ್ಷತ್ರ, ಅದರ ಪಕ್ಕದಲ್ಲಿ ಮಣ್ಣಿನ ಹದ ಕೂಡಿಕೊಂಡವು. ಒಂದು ಕೋಣೆಯಲ್ಲಿ ಸಭೆ ನಡೆದಿದ್ದರೆ ಈ ಇಬ್ಬರೂ ಇಷ್ಟು ಬಿಡಿಸಿ ಹೇಳುತ್ತಿದ್ದರೆಂದು ನನಗೆ ಅನಿಸುವುದಿಲ್ಲ. ಸಭೆಯಲ್ಲಿ ಗಟ್ಟಿ ದನಿಯವರದೇ ಮಾತು ನಡೆಯುತ್ತದೆ. ಕಾಮೆಂಟಿನಲ್ಲಿ ಎಲ್ಲರ ದನಿಯೂ ಒಂದೇ ಅಳತೆಯ ಅಕ್ಷರದಲ್ಲಿ ಕಾಣುತ್ತದೆ.

ಶೀಟಿನ ಲಿಂಕನ್ನು ಕೆಲವು ರೈತರಿಗೂ ಕೊಟ್ಟಿದ್ದೇವೆ. ಲಾಗಿನ್ ಆಗದೆ ಬಂದವರಿಗೆ ಈ ವ್ಯವಸ್ಥೆ ಪ್ರಾಣಿಯ ಹೆಸರನ್ನಿಟ್ಟು ತೋರಿಸುತ್ತದೆ. ರಾತ್ರಿ ಊಟ ಮುಗಿಸಿ ಒಮ್ಮೆ ಇಣುಕಿದರೆ ಮೇಲ್ಗಡೆ ಮೂಲೆಯಲ್ಲಿ ಅನಾಮಿಕ ಕ್ಯಾಪಿಬಾರಾ, ಅನಾಮಿಕ ಆಕ್ಸಲಾಟಲ್, ಕೆಲವೊಮ್ಮೆ ಅನಾಮಿಕ ಕ್ವಾಗ್ಗಾ. ಈ ಕ್ವಾಗ್ಗಾ ದಕ್ಷಿಣ ಆಫ್ರಿಕಾದಲ್ಲಿದ್ದ, ಜೀಬ್ರಾ ಜಾತಿಯ ಪ್ರಾಣಿ. ಅದರ ಕೊನೆಯದು 1883ರಲ್ಲಿ ಆಮ್‌ಸ್ಟರ್‌ಡಾಮ್‌ನ ಮೃಗಾಲಯದಲ್ಲಿ ಸತ್ತಿತು. ಲೋಕದಲ್ಲಿ ಇಲ್ಲದ ಪ್ರಾಣಿಯೊಂದು ನಮ್ಮ ಜೋಳದ ಸಾಲನ್ನು ಓದುತ್ತಿದೆ ಎಂಬುದು ನನಗೆ ಬಲು ಇಷ್ಟದ ಸಂಗತಿ. ಯಾವ ಊರಿನವರೋ, ಹೊಲದಿಂದ ಬಂದು ಕಾಲು ತೊಳೆದು, ಮಗನ ಫೋನಿನಲ್ಲಿ ನೋಡುತ್ತಿದ್ದಾರೋ ಏನೋ. ಓದುತ್ತಾ ಓದುತ್ತಾ ಒಂದು ಕಡೆ ನಿಂತರೆ, ಅಲ್ಲಿ ಏನೋ ಹೊಂದುತ್ತಿಲ್ಲವೇನೋ, ಕೇಳಲು ಸಂಕೋಚವೇನೋ ಎಂದು ನಾನೇ ಒಂದು ಕಾಮೆಂಟ್ ಹಾಕುತ್ತೇನೆ: "ಈ ಸಾಲಿನ ಬಗ್ಗೆ ಏನಾದರೂ ಗೊತ್ತಿದ್ದರೆ ದಯವಿಟ್ಟು ಬರೆಯಿರಿ." ಉತ್ತರ ಬಂದದ್ದೂ ಉಂಟು.

ದೂರದೂರ ಇದ್ದವರು ಒಂದೇ ಬರಹದ ಮೇಲೆ ಕೂಡಿ ಕೆಲಸ ಮಾಡುವುದನ್ನು ಮೊದಲು ಕಂಡಿದ್ದ ಜನ ಯಾರಿರಬಹುದು ಎಂದು ಹುಡುಕುತ್ತಾ ಹೋದರೆ 1968ರ ಡಿಸೆಂಬರ್ 9ಕ್ಕೆ ಹೋಗಿ ಮುಟ್ಟುತ್ತೇವೆ. ಅಂದು ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ಸಭಾಂಗಣದಲ್ಲಿ ಡಗ್ಲಸ್ ಎಂಗಲ್‌ಬಾರ್ಟ್ ಎಂಬ ಎಂಜಿನಿಯರ್ ಒಂದು ಪರದೆಯ ಮುಂದೆ ಕೂತು ಮಾತಾಡಿದ. ಇಂದು ನಮ್ಮ ಅಂಗೈಯಲ್ಲಿರುವ ಮೌಸನ್ನು ಜನ ಅಂದು ಮೊದಲ ಸಲ ಕಂಡರು. ಆದರೆ ನನ್ನ ಮನಸ್ಸು ನಿಲ್ಲುವುದು ಇನ್ನೊಂದು ಕಡೆ. ಸುಮಾರು 48 ಕಿಲೋಮೀಟರ್ ದೂರದ ಮೆನ್ಲೋ ಪಾರ್ಕ್‌ನಲ್ಲಿದ್ದ ಸಹೋದ್ಯೋಗಿ ಬಿಲ್ ಪ್ಯಾಕ್ಸ್‌ಟನ್‌ನ ಮುಖ ಪರದೆಯ ಮೂಲೆಯಲ್ಲಿ ಮೂಡಿತು. ಇಬ್ಬರೂ ಮಾತಾಡುತ್ತಾ ಒಂದೇ ಬರಹವನ್ನು ನೋಡಿದರು, ಅದರ ಮೇಲೆ ಕೂಡಿ ಕೆಲಸ ಮಾಡಿದರು. ಎಂಗಲ್‌ಬಾರ್ಟ್‌ಗೆ ಯಂತ್ರವನ್ನು ಜಾಣ ಮಾಡುವ ಹಂಬಲವಿರಲಿಲ್ಲ. ಲೋಕದ ತೊಡಕುಗಳು ಒಬ್ಬೊಬ್ಬರ ಬುದ್ಧಿಗೆ ನಿಲುಕದಷ್ಟು ದೊಡ್ಡದಾಗುತ್ತಿವೆ, ಹಲವರು ಕೂಡಿ ಯೋಚಿಸಲು ಅನುವು ಮಾಡಿಕೊಡಬೇಕು ಎಂದು 1962ರಲ್ಲೇ ಆತ ವರದಿ ಬರೆದಿದ್ದ. ಕಲಬುರಗಿಗೂ ಪುತ್ತೂರಿಗೂ ನಡುವಿನ ದೂರ ಆ 48 ಕಿಲೋಮೀಟರಿನ ಎಷ್ಟೋ ಪಟ್ಟು. ಆದರೂ ನಮ್ಮ ಶೀಟಿನಲ್ಲಿ ಇಬ್ಬರೂ ಅಕ್ಕಪಕ್ಕದ ಸಾಲಿನಲ್ಲಿದ್ದಾರೆ.

ಇಬ್ಬರು ಒಂದೇ ಸಾಲಿನ ಮೇಲೆ ಒಟ್ಟಿಗೆ ಬರೆಯುವುದು ಹೇಳಿದಷ್ಟು ಸುಲಭವಲ್ಲ. ನಾನು ಸಾಲಿನ ಮೊದಲಲ್ಲಿ ಒಂದು ಪದ ಸೇರಿಸುತ್ತೇನೆ ಎನ್ನಿ. ಅದೇ ಗಳಿಗೆಯಲ್ಲಿ ನೀವು ಹತ್ತನೆಯ ಅಕ್ಷರವನ್ನು ಅಳಿಸುತ್ತೀರಿ. ನಾನು ಸೇರಿಸಿದ್ದರಿಂದ ನಿಮ್ಮ ಹತ್ತನೆಯ ಅಕ್ಷರ ಈಗ ಹದಿನಾಲ್ಕನೆಯದೋ ಹದಿನೈದನೆಯದೋ ಆಗಿದೆ. ಯಾರದನ್ನೂ ಕೆಡಿಸದೆ ಆ ಲೆಕ್ಕವನ್ನು ಸರಿದೂಗಿಸುವ ಉಪಾಯವನ್ನು 1989ರಲ್ಲಿ ಕ್ಲಾರೆನ್ಸ್ ಎಲಿಸ್ ಮತ್ತು ಸೈಮನ್ ಗಿಬ್ಸ್ ಎಂಬಿಬ್ಬರು ಬರೆದಿಟ್ಟರು. ಈ ಎಲಿಸ್ ಅಮೆರಿಕದ ಕಪ್ಪು ಸಮುದಾಯದಿಂದ ಕಂಪ್ಯೂಟರ್ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲಿಗರು. ಹಾಸನದ ಹುಡುಗ ಹಳ್ಳಿಯಿಂದ ಹಳ್ಳಿಗೆ ಬಸ್ಸಿನಲ್ಲಿ ಹೋಗುವಾಗ ನೆಟ್‌ವರ್ಕ್ ಹೋಗುತ್ತದೆ. ಅವನು ಟೈಪ್ ಮಾಡುತ್ತಲೇ ಇರುತ್ತಾನೆ. ಮುಂದಿನ ಊರಿನಲ್ಲಿ ಸಿಗ್ನಲ್ ಸಿಕ್ಕ ಕೂಡಲೇ ಅವನ ಸಾಲುಗಳೆಲ್ಲ ಒಟ್ಟಿಗೆ ಬಂದು ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ. ನನ್ನ ಮಾತನ್ನು ತುಳಿಯದೆ ಇನ್ನೊಬ್ಬರ ಮಾತಿಗೆ ಜಾಗ ಮಾಡಿಕೊಡುವ ಆ ಲೆಕ್ಕವನ್ನು ಯಾರೋ ಇಷ್ಟು ತಾಳ್ಮೆಯಿಂದ ಯೋಚಿಸಿದ್ದಾರಲ್ಲ ಎಂದು ಆಗೆಲ್ಲ ಗೌರವ ಮೂಡುತ್ತದೆ.

ನಾನು ಈ ಕೆಲಸಕ್ಕೆ ಸೇರಿದಾಗ ನಮ್ಮಲ್ಲಿ ಒಬ್ಬ ಹಿರಿಯರಿದ್ದರು. ಕೃಷಿ ಇಲಾಖೆಯಲ್ಲಿ ಊರೂರು ಸುತ್ತಿ ನಿವೃತ್ತರಾದವರು. ಅವರ ಬಳಿ ಉದ್ದನೆಯ ಲೆಡ್ಜರ್ ಪುಸ್ತಕಗಳಿದ್ದವು. ಪುಟದ ಎಡಗಡೆ ಕೆಂಪು ಗೆರೆ. ಗೆರೆಯ ಬಲಕ್ಕೆ ವಿಷಯ, ಎಡಕ್ಕೆ ಅದು ಸಿಕ್ಕ ಬಗೆ. ಅರಸೀಕೆರೆ ಸಂತೆ, ಹುರುಳಿ ಮಾರಲು ಬಂದಿದ್ದ ಹೆಣ್ಣುಮಗಳು, 1987, ಬರದ ವರ್ಷ ಎಂದು ಒಂದು ಕಡೆ. ಗೆರೆಯ ಆಚೆ, ರಾಗಿ ಕೈಕೊಟ್ಟ ಹೊಲದಲ್ಲಿ ಆಕೆ ಯಾವಾಗ ಹುರುಳಿ ಚೆಲ್ಲಿದ್ದಳು ಎಂಬ ವಿವರ. "ಎಲ್ಲಿ ಕೇಳಿದ್ದು ಅಂತ ಬರ್ಕೊಳ್ಳಪ್ಪ," ಎನ್ನುತ್ತಿದ್ದರು. "ನಾಳೆ ಅನುಮಾನ ಬಂದ್ರೆ ಅಲ್ಲಿಗೇ ಹೋಗಿ ವಿಚಾರಿಸ್ಬಹುದು." ಅವರ ಮೇಜಿನ ಮೇಲೆ 'ಅಡಿಕೆ ಪತ್ರಿಕೆ' ಯಾವಾಗಲೂ ಇರುತ್ತಿತ್ತು. ಪುತ್ತೂರಿನಿಂದ 1988ರಲ್ಲಿ ಹೊರಡತೊಡಗಿದ, ಕೃಷಿಕರೇ ಕೃಷಿಕರಿಗಾಗಿ ಬರೆಯುವ ಪತ್ರಿಕೆ ಅದು. ಲೇಖನ ಓದುವ ಮೊದಲು ಅವರು ಬರೆದವರ ಊರನ್ನು ನೋಡುತ್ತಿದ್ದರು. ಊರು ಗೊತ್ತಾದರೆ ಮಳೆ ಗೊತ್ತಾಗುತ್ತದೆ, ಮಳೆ ಗೊತ್ತಾದರೆ ಆ ಅನುಭವ ತನಗೆ ಎಷ್ಟು ಒಗ್ಗೀತು ಎಂದು ತಿಳಿಯುತ್ತದೆ ಎಂಬುದು ಅವರ ಲೆಕ್ಕ.

ಆ ಲೆಡ್ಜರ್ ಒಮ್ಮೆಗೆ ಒಬ್ಬರಿಗೇ ಸಿಗುತ್ತಿತ್ತು. ಅವರು ಪ್ರವಾಸ ಹೊರಟರೆ ಅದೂ ಅವರ ಚೀಲದಲ್ಲಿ ಹೊರಡುತ್ತಿತ್ತು. ಕರಡು ಪ್ರತಿಯನ್ನು ಲಕೋಟೆಯಲ್ಲಿಟ್ಟು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ಆ ಕಡೆ ನಿಲ್ದಾಣದಲ್ಲಿ ಒಬ್ಬರನ್ನು ಕಾಯಿಸಿ, ತಿದ್ದಿದ್ದು ಮರಳಿ ಬರುವಷ್ಟರಲ್ಲಿ ಇನ್ನೊಬ್ಬರು ಬೇರೆ ಪ್ರತಿಯಲ್ಲಿ ಬೇರೆ ತಿದ್ದುಪಡಿ ಮಾಡಿರುತ್ತಿದ್ದರು. ಎರಡನ್ನೂ ಎದುರಿಗಿಟ್ಟುಕೊಂಡು ಯಾವುದು ಸರಿ, ಯಾಕೆ ಸರಿ ಎಂದು ಕೂಡಿಸುವವರು ಆ ಹಿರಿಯರೇ. ಅವರು ಕೆಲಸ ಬಿಡುವಾಗ ಲೆಡ್ಜರುಗಳನ್ನೆಲ್ಲ ನಮ್ಮ ಕೈಗೆ ಒಪ್ಪಿಸಿದರು. ನಾವು ಪುಟಪುಟದ ಫೋಟೋ ತೆಗೆದೆವು. ಕೂತು ಟೈಪ್ ಮಾಡಿದೆವು. ನಮ್ಮ ಶೀಟಿನಲ್ಲಿ "ಎಲ್ಲಿಂದ?" ಎಂಬ ಕಾಲಂ ಹುಟ್ಟಿದ್ದು ಆ ಕೆಂಪು ಗೆರೆಯ ಎಡಗಡೆಯಿಂದ. ಅರಸೀಕೆರೆಯ ಆ ಹೆಣ್ಣುಮಗಳು ಈಗ ನಮ್ಮ ಹುರುಳಿಯ ಸಾಲಿನಲ್ಲಿದ್ದಾಳೆ. ಹಾಸನದ ಹುಡುಗ ಅವಳ ಮಾತಿನ ಕೆಳಗೆ ಈ ಕಾಲದ ಒಂದು ಬರವನ್ನೂ ಬರೆದು ಸೇರಿಸಿದ್ದಾನೆ.

ಹುಳುವಿನ ಕತೆಯನ್ನೂ ಹೇಳಬೇಕು. 2018ರ ಮುಂಗಾರಿನಲ್ಲಿ ಮೆಕ್ಕೆಜೋಳದ ಸುಳಿಯೊಳಗೆ ಹೊಸದೊಂದು ಹುಳು ಕೂತು ಎಲೆಯನ್ನು ಜಾಲರಿ ಮಾಡಿ ತಿನ್ನತೊಡಗಿತು. ಅಮೆರಿಕ ಖಂಡದ ಸೈನಿಕ ಹುಳು ಅದು. 2016ರಲ್ಲಿ ಆಫ್ರಿಕಾದಲ್ಲಿ ಕಂಡಿತ್ತು, ಭಾರತದಲ್ಲಿ ಮೊದಲು ಗುರುತು ಸಿಕ್ಕಿದ್ದು ನಮ್ಮ ಶಿವಮೊಗ್ಗದ ಕಡೆ. ಅಲ್ಲಿನ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ಕೀಟತಜ್ಞರು ಅದನ್ನು ಪತ್ತೆಹಚ್ಚಿದರು. ಆ ದಿನಗಳಲ್ಲಿ ವಾಟ್ಸ್‌ಆ್ಯಪ್ ಗುಂಪುಗಳ ತುಂಬ ಹುಳುವಿನ ಫೋಟೋಗಳು. "ಇದು ಅದೇನಾ?" ಎಂದು ಒಬ್ಬರು ಕೇಳಿದರೆ, "ತಲೆ ಕಾಣೋ ಹಾಗೆ ಇನ್ನೊಂದು ತೆಗೀರಿ" ಎಂದು ಇನ್ನೊಬ್ಬರು. ತಲೆಯ ಮೇಲೆ ಇಂಗ್ಲಿಷಿನ ವೈ ಅಕ್ಷರ ತಲೆಕೆಳಗಾದ ಗುರುತು, ಬಾಲದ ಹತ್ತಿರ ಚೌಕವಾಗಿ ಕೂತ ನಾಲ್ಕು ಕಪ್ಪು ಚುಕ್ಕೆ ಇದ್ದರೆ ಅದೇ. ಪುಸ್ತಕದಲ್ಲಿ ಅಚ್ಚಾಗಿ ಊರು ತಲುಪಲು ವರ್ಷ ಹಿಡಿಯಬಹುದಾಗಿದ್ದ ಈ ಎರಡು ಗುರುತು ಫೋನಿನಿಂದ ಫೋನಿಗೆ ದಾಟಿ ಹೊಲದ ಬದುವಿಗೇ ಬಂದವು. ಓದು ಬರಹ ಹೆಚ್ಚು ಬಾರದವರೂ ಹುಳುವನ್ನು ಕಡ್ಡಿಯಿಂದ ಹೊರಳಿಸಿ ಚುಕ್ಕೆ ಎಣಿಸಿದರು.

ಆದರೆ ಗುಂಪಿನ ಮಾತು ಕಾಲುವೆಯ ನೀರು. ಹರಿಯುವಾಗ ಎಲ್ಲರ ಹೊಲಕ್ಕೂ ಮುಟ್ಟುತ್ತದೆ, ಮರುದಿನ ಬಂದವರಿಗೆ ಒದ್ದೆ ನೆಲ ಮಾತ್ರ ಕಾಣುತ್ತದೆ. ಮುಂದಿನ ಹಂಗಾಮಿನಲ್ಲಿ ಅದೇ ಪ್ರಶ್ನೆ, ಅದೇ ಫೋಟೋ, ಅದೇ ಉತ್ತರಕ್ಕಾಗಿ ಅದೇ ತಡಕಾಟ. ಆದ್ದರಿಂದ ನಾವು ಗುಂಪಿನಲ್ಲಿ ಬಂದ ಒಳ್ಳೆಯ ಉತ್ತರಗಳನ್ನು ಆರಿಸಿ ಶೀಟಿಗೆ ತರುವ ರೂಢಿ ಇಟ್ಟುಕೊಂಡೆವು. ಕಲಬುರಗಿಯ ಸಹೋದ್ಯೋಗಿ ಇದರಲ್ಲಿ ನಿಸ್ಸೀಮಳು. ಉತ್ತರ ಕೊಟ್ಟವರಿಗೆ ಫೋನ್ ಮಾಡಿ, "ನಿಮ್ಮ ಊರಿನ ಹೆಸರು ಹಾಕ್ಲೇನ್ರಿ?" ಎಂದು ಒಪ್ಪಿಗೆ ಕೇಳಿಯೇ ತರುತ್ತಾಳೆ. ಊರಿನ ಹೆಸರು ಬಂದಿದ್ದನ್ನು ತೋರಿಸಿದರೆ ಜನ ಇನ್ನೊಂದಿಷ್ಟು ಹೇಳುತ್ತಾರಂತೆ. ಹೇಳದೆ ಏನು? ತನ್ನ ಅನುಭವಕ್ಕೆ ಬೆಲೆ ಕೊಟ್ಟವರೊಡನೆ ಯಾರು ತಾನೇ ಬಾಯಿ ಕಟ್ಟಿಕೊಂಡು ಕೂರುತ್ತಾರೆ?

ಹೀಗೆ ಬಂದ ಸಾಲಿಗೆ ಮೊದಲು ಹಳದಿ ಬಣ್ಣ ಹಚ್ಚುತ್ತೇವೆ. ಇನ್ನೊಬ್ಬರು, ಬೇರೆ ಊರಿನವರು, ಬೇರೆಯದೇ ಮೂಲದಿಂದ ವಿಚಾರಿಸಿ ಒಪ್ಪಿದ ಮೇಲೆ ಅದು ಹಸಿರು. ಈ ಕ್ರಮವನ್ನು ನಾವು ಕಲಿತದ್ದು, ಪುಸ್ತಕಗಳನ್ನು ಎಲ್ಲರೂ ಕೂಡಿ ತಿದ್ದಿ ಓದಲು ಇಡುವ ಕನ್ನಡ ವಿಕಿಸೋರ್ಸ್ ಎಂಬ ಜಾಲತಾಣದಿಂದ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಎಲ್ಲರೂ ಬಳಸಬಹುದಾದ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಆ ಪುಟಗಳನ್ನು ವಿಕಿಸೋರ್ಸ್‌ಗೆ ಏರಿಸಿ ಅಕ್ಷರ ಅಕ್ಷರ ತಿದ್ದುವ ಕೆಲಸಕ್ಕೆ ವಿದ್ಯಾರ್ಥಿಗಳು, ಆಸಕ್ತರು ಕೈಹಾಕಿದರು. ಅಲ್ಲಿ ಇನ್ನೂ ತಿದ್ದದ ಪುಟ ಕೆಂಪು, ಒಬ್ಬರು ಓದಿ ತಿದ್ದಿದ್ದು ಹಳದಿ, ಎರಡನೆಯವರು ಓದಿ ಒಪ್ಪಿದರೆ ಹಸಿರು. ಹಳದಿ ಮಾಡಿದವರೇ ಹಸಿರು ಮಾಡಲು ಹೋದರೆ ಆ ಗುಂಡಿಯೇ ಅವರಿಗೆ ಕಾಣುವುದಿಲ್ಲ. ಎಷ್ಟು ದೊಡ್ಡ ವಿದ್ವಾಂಸರಾದರೂ ಸರಿಯೇ, ಇನ್ನೊಬ್ಬರು ಬೇಕೇ ಬೇಕು. ಕನ್ನಡ ವಿಕಿಪೀಡಿಯದಲ್ಲಿ ಸಂಪಾದಕರೆಲ್ಲ ಕೂಡಿ ಚರ್ಚಿಸುವ ಪುಟಕ್ಕೆ ಅರಳಿ ಕಟ್ಟೆ ಎಂದು ಹೆಸರಿಟ್ಟಿದ್ದಾರೆ. ಪಕ್ಕದ ತುಳುವಿನವರು ವರ್ಷಗಟ್ಟಲೆ ಒಂದೊಂದೇ ಲೇಖನ ಕೂಡಿಸಿ 2016ರಲ್ಲಿ ತಮ್ಮದೇ ವಿಕಿಪೀಡಿಯ ಪಡೆದರು. ಸಂಜೆ ಬಿಡುವಿದ್ದಾಗ ನಾನೂ ವಿಶ್ವಕೋಶದ ಒಂದು ಹಳದಿ ಪುಟವನ್ನು ತೆರೆದು ಓದುತ್ತೇನೆ. ಮೊದಲು ಓದಿದವರು ಯಾರೆಂದು ನನಗೆ ಗೊತ್ತಿರುವುದಿಲ್ಲ. ಒಂದು ಒತ್ತಕ್ಷರವನ್ನೂ ಬಿಡದೆ ನೋಡಿದ್ದಾರೆ ಎಂದು ತಿಳಿದಾಗ ಅವರ ಬಗ್ಗೆ ಪ್ರೀತಿ ಉಕ್ಕುತ್ತದೆ.

ಅಡಿಕೆಯ ಕೊಳೆರೋಗದ ಸಾಲು ನಮ್ಮ ಶೀಟಿನಲ್ಲೇ ಅತಿ ಉದ್ದವಾದದ್ದು. ಅದರ "ಎಲ್ಲಿಂದ?" ಎಂಬ ಮನೆಯಲ್ಲಿ ಲೆಸ್ಲಿ ಕೋಲ್ಮನ್ ಅವರ ಹೆಸರಿದೆ. ಕೆನಡಾ ಮೂಲದವರು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, ಆಮೇಲೆ ಕೃಷಿ ಇಲಾಖೆಯ ನಿರ್ದೇಶಕರಾದವರು. ಮಲೆನಾಡಿನಲ್ಲಿ ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುತ್ತಿದ್ದ ಕಾಲದಲ್ಲಿ ಅವರು ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಬರೆದರು, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಇಂದಿಗೂ ತೋಟದವರ ಬಾಯಲ್ಲಿ ಇದೇ ಲೆಕ್ಕ. ಮಳೆಗಾಲ ಹಿಡಿಯುವ ಮುನ್ನ ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ. ನಮ್ಮ ಕ್ಯಾಲೆಂಡರಿನಲ್ಲೂ ಮೊದಲ ಸಿಂಪಡಣೆಗೆ ಮೇ ಕೊನೆಯ ವಾರ ಎಂದು ಇತ್ತು. 2025ರಲ್ಲಿ ಮುಂಗಾರು ವಾಡಿಕೆಯ ಜೂನ್ 1ರ ಬದಲು ಮೇ 24ಕ್ಕೇ ಕೇರಳ ಮುಟ್ಟಿತು, ಬೆನ್ನಿಗೇ ಕರಾವಳಿಗೂ ಬಂತು. ಪುತ್ತೂರಿನವರು ಅಂದೇ ಬರೆದರು: "ವಾರದ ಹೆಸರು ತೆಗೆಯುವ. ಮುನ್ಸೂಚನೆ ನೋಡಿಕೊಂಡು, ಮಳೆ ಹಿಡಿಯುವ ಮುಂಚೆ ಬಿಸಿಲಿರುವಾಗ ಅಂತ ಹಾಕುವ." ಕೋಲ್ಮನ್ನರ ಮಾತಿನ ಕೆಳಗೆ ಈ ಮಾತೂ ಕೂತಿತು. ಶತಮಾನದ ಆಚೆಯ ಒಬ್ಬ ವಿಜ್ಞಾನಿ, ಈಚೆಯ ಒಬ್ಬ ತೋಟಗಾರ, ಒಂದೇ ಸಾಲಿನಲ್ಲಿ.

ಕಾಮೆಂಟ್ ಬಗೆಹರಿದರೆ ಅದರ ತಲೆಯ ಮೇಲಿನ ಸರಿ ಗುರುತನ್ನು ಒತ್ತುತ್ತೇವೆ, ಅದು ಕಣ್ಣಿಂದ ಮರೆಯಾಗುತ್ತದೆ. ಆದರೆ ಅಳಿಯುವುದಿಲ್ಲ. ಬೇಕೆಂದರೆ ಹಳೆಯದನ್ನೆಲ್ಲ ತೆರೆದು ನೋಡಬಹುದು. ಹೊಸಬರು ತಂಡಕ್ಕೆ ಸೇರಿದಾಗ ನಾನು ಅವರಿಗೆ ಅಚ್ಚಾದ ಕ್ಯಾಲೆಂಡರನ್ನು ಕೊಡುವ ಮೊದಲು ಈ ಮರೆಯಾದ ಕಾಮೆಂಟುಗಳನ್ನು ಓದಿಸುತ್ತೇನೆ. ಸರ್ಕಾರಿ ಕೆಲಸ ಸಿಕ್ಕಿ ಬೇರೆ ಕಡೆ ಹೋದ ಗೆಳೆಯನೊಬ್ಬ ಬಿಳಿಜೋಳದ ಸಾಲಿನಲ್ಲಿ, ಹಿಂಗಾರಿ ಬಿತ್ತನೆಯನ್ನು ಸೆಪ್ಟೆಂಬರ್ ನಡುವಿನಿಂದ ಯಾಕೆ ಹೇಳುತ್ತಿದ್ದೇವೆ, ಮಳೆ ತಡವಾದರೆ ಅಕ್ಟೋಬರ್‌ಗೆ ಯಾಕೆ ಹೋಗಬಹುದು ಎಂದು ವಿಜಯಪುರದ ರೈತರೊಡನೆ ಮಾತಾಡಿ ಬರೆದ ಕಾರಣಗಳು ಅಲ್ಲಿವೆ. ಮನುಷ್ಯ ಹೋದಾಗ ಅವನಿಗೆ ಗೊತ್ತಿದ್ದದ್ದೂ ಅವನ ಜೊತೆಗೇ ಹೋಗುವುದು ಕಚೇರಿಗಳಲ್ಲಿ ನಡೆದುಬಂದ ದಾರಿ. ಅವನು ಯಾಕೆ ಹಾಗೆ ಮಾಡಿದ ಎಂದು ಮುಂದಿನವರು ತಲೆ ಕೆರೆದುಕೊಳ್ಳುತ್ತಾ, ಮಾಡಿದ್ದನ್ನೇ ಮತ್ತೆ ಮಾಡುತ್ತಾ ಇರುತ್ತಾರೆ. ಕಾರಣ ಬರೆದಿಟ್ಟು ಹೋದವನು ಹೋದ ಮೇಲೂ ತಂಡದವನೇ. ಸಾಧನಗಳು ಏನೇನೋ ಬರುತ್ತವೆ, ಹೋಗುತ್ತವೆ. ಇಷ್ಟನ್ನು ಮಾಡಲು ಬಿಡುವ ಯಾವ ಸಾಧನವಾದರೂ ನನಗೆ ದೊಡ್ಡದೇ.

ಈಗ ಶೀಟಿನಲ್ಲಿ ಇನ್ನೂ ಹಸಿರಾಗದ ಸಾಲೊಂದಿದೆ, ಅಡಿಕೆಯ ಎಲೆಚುಕ್ಕಿ ರೋಗದ್ದು. ಶೃಂಗೇರಿ, ಕೊಪ್ಪ, ತೀರ್ಥಹಳ್ಳಿಯ ಕಡೆ ತೋಟಕ್ಕೆ ತೋಟವನ್ನೇ ಸೊರಗಿಸಿದ ರೋಗ ಅದು. ಸೋಗೆ ಕತ್ತರಿಸಿ ಸುಟ್ಟು ಅನುಕೂಲವಾಯಿತು ಎಂದು ಒಬ್ಬರು ಬರೆದಿದ್ದಾರೆ, ಗೊಬ್ಬರ ಸರಿಪಡಿಸಿದ ಮೇಲೆ ಮರ ಚೇತರಿಸಿತು ಎಂದು ಇನ್ನೊಬ್ಬರು. ಇಬ್ಬರದೂ ಹಳದಿಯಲ್ಲಿದೆ. ಮುಂದಿನ ಕ್ಯಾಲೆಂಡರ್ ಅಚ್ಚಿಗೆ ಹೋಗುವ ಮೊದಲು ಅದಕ್ಕೆ ಇನ್ನಷ್ಟು ಜನರ ಕಣ್ಣು ಬೇಕು. ನಿಮ್ಮ ತೋಟದಲ್ಲಿ, ನಿಮ್ಮ ನೆಂಟರ ತೋಟದಲ್ಲಿ ಏನಾದರೂ ಮಾಡಿ ಫಲ ಕಂಡಿದ್ದರೆ, ಫಲ ಕಾಣದಿದ್ದರೂ ಸರಿ, ಅದನ್ನು ನಾಲ್ಕು ಜನ ನೋಡುವ ಕಡೆ ಬರೆದಿಡಿ. ಊರು ಯಾವುದು, ತಿಂಗಳು ಯಾವುದು, ಮಳೆ ಎಷ್ಟಿತ್ತು, ಹೇಳಿಕೊಟ್ಟವರು ಯಾರು ಎಂಬುದನ್ನು ಮಾತ್ರ ಬಿಡಬೇಡಿ.